ನುಡಿಯದೆ ಉಳಿದ ಆಧಾರವಾಕ್ಯ: ಅರಿಸ್ಟಾಟಲನ ‘ರೆಟೋರಿಕ್’ ಕುರಿತು ಒಂದು ವಿಮರ್ಶೆ

ಗ್ರೀಕರ ‘ರೆಟೋರಿಕೆ’ಯನ್ನು ಕನ್ನಡದಲ್ಲಿ ‘ಅಲಂಕಾರಶಾಸ್ತ್ರ’ವೆಂದು ಕರೆಯುವ ರೂಢಿಯುಂಟು. ಈ ಪಾರಿಭಾಷಿಕ ಪದವು ವಿಷಯದ ಒಂದು ಅಂಶವನ್ನು ಮಾತ್ರ ಹಿಡಿಯುತ್ತದೆಂಬುದು ನಮ್ಮ ಅಭಿಪ್ರಾಯ. ನಮ್ಮ ಅಲಂಕಾರಶಾಸ್ತ್ರದ ಕೇಂದ್ರ ಕಾವ್ಯ, ಅರಿಸ್ಟಾಟಲನ (ಕ್ರಿ.ಪೂ. 384–322) ಕೇಂದ್ರವಾದರೋ ಜನಸಭೆ, ನ್ಯಾಯಸ್ಥಾನ ಮತ್ತು ಉತ್ಸವಗಳಲ್ಲಿ ಆಡುವ ಮಾತು. ಆತನ ಕೃತಿಯ ಮೂರು ಭಾಗಗಳಲ್ಲಿ ಶೈಲಿಯ ವಿವೇಚನೆಗೆ ಮೀಸಲಾದದ್ದು ಮೂರನೆಯದು. ಮೊದಲೆರಡು ಭಾಗಗಳ ಕಾಳಜಿ ಬೇರೆ: ಪ್ರತಿಯೊಂದು ಸಂದರ್ಭದಲ್ಲಿಯೂ ಮನವೊಲಿಕೆಗೆ ಲಭ್ಯವಿರುವ ಸಾಧನಗಳನ್ನು ಗುರುತಿಸುವ ಸಾಮರ್ಥ್ಯ.

ಪ್ಲೇಟೋವಿನ ‘ಗೋರ್ಗಿಯಾಸ್’ ಸಂವಾದದಲ್ಲಿ ಸಾಕ್ರೆಟಿಸನು ಈ ವಿದ್ಯೆಯನ್ನು ಪಾಕವಿದ್ಯೆಗೆ ಹೋಲಿಸುತ್ತಾನೆ. ವೈದ್ಯನು ದೇಹದ ಹಿತವನ್ನು ನೋಡಿದರೆ ಅಡುಗೆಯವನು ನಾಲಗೆಯನ್ನು ಓಲೈಸುತ್ತಾನೆ. ಭಾಷಣಕಾರನೂ ಅಂತೆಯೇ ಎಂಬುದು ಆರೋಪ. ಅರಿಸ್ಟಾಟಲನು ತನ್ನ ಮೊದಲ ವಾಕ್ಯದಲ್ಲಿಯೇ ಈ ವಿದ್ಯೆಯನ್ನು ವಾದವಿದ್ಯೆಯ ಸಹಭಾಗಿಯಾಗಿ ನಿಲ್ಲಿಸುತ್ತಾನೆ. ಮನವೊಲಿಕೆಯ ಶರೀರವೆಂದು ಆತನು ಕರೆಯುವುದು ಅಲಂಕಾರವನ್ನಲ್ಲ, ‘ಎಂಥುಮೇಮ’ವೆಂಬ ತರ್ಕರೂಪವನ್ನು.

ಪಠ್ಯಪುಸ್ತಕಗಳು ಇದನ್ನು ‘ಒಂದು ಆಧಾರವಾಕ್ಯ ಬಿಟ್ಟುಹೋದ ಅನುಮಾನ’ವೆಂದು ವಿವರಿಸುವುದು ವಾಡಿಕೆ. ಈ ವಿವರಣೆಯಲ್ಲಿ ಎಂಥುಮೇಮವು ಒಂದು ಊನವಾಗಿ ಕಾಣುತ್ತದೆ. ಅರಿಸ್ಟಾಟಲನ ಉದಾಹರಣೆ ಹಾಗೆ ಹೇಳುವುದಿಲ್ಲ. ಡೋರಿಯಸನು ಕಿರೀಟವೇ ಬಹುಮಾನವಾಗಿರುವ ಸ್ಪರ್ಧೆಯಲ್ಲಿ ಗೆದ್ದನೆಂದು ತೋರಿಸಲು, ಆತ ಒಲಿಂಪಿಯಾದಲ್ಲಿ ಗೆದ್ದನೆಂದರೆ ಸಾಕು. ಅಲ್ಲಿಯ ಬಹುಮಾನ ಕಿರೀಟವೆಂಬುದು ಎಲ್ಲರಿಗೂ ತಿಳಿದದ್ದೇ. ಇಲ್ಲಿ ಆಧಾರವಾಕ್ಯವು ಕಳೆದುಹೋಗಿಲ್ಲ, ಅದು ಕೇಳುಗನಲ್ಲಿದೆ. ಇದನ್ನು ಇಂದಿನ ಅರ್ಥವಿಜ್ಞಾನದ ಪೂರ್ವಗೃಹೀತದೊಡನೆ ಸಮೀಕರಿಸುವುದೂ ಸರಿಯಲ್ಲ. ಪೂರ್ವಗೃಹೀತಕ್ಕೆ ಸಾಮಾನ್ಯವಾಗಿ ವಾಕ್ಯದಲ್ಲಿಯೇ ಒಂದು ಗುರುತು ಇರುತ್ತದೆ. ಎಂಥುಮೇಮವು ನಿಂತಿರುವುದು ಕೇಳುಗನು ಯಾರೆಂಬುದರ ಮೇಲೆ. ಅರಿಸ್ಟಾಟಲನು ಭಾಷಣದ ಮೂರು ಪ್ರಕಾರಗಳನ್ನು ಕೇಳುಗರ ಆಧಾರದಿಂದಲೇ ವಿಂಗಡಿಸಿದ್ದು ಆಕಸ್ಮಿಕವಲ್ಲ.

ನಮ್ಮ ಆಕ್ಷೇಪ ಆರಂಭವಾಗುವುದೂ ಇಲ್ಲಿಯೇ. ‘ಎಲ್ಲರಿಗೂ ತಿಳಿದದ್ದು’ ಎಂಬಲ್ಲಿ ‘ಎಲ್ಲರು’ ಯಾರು? ಅಥೆನ್ಸಿನ ಜನಸಭೆಯಲ್ಲಿ ವಯಸ್ಕ ಪುರುಷ ನಾಗರಿಕರಿಗೆ ಮಾತ್ರ ಸ್ಥಾನವಿತ್ತು. ಸ್ತ್ರೀಯರು, ದಾಸರು ಮತ್ತು ನೆಲೆಸಿದ ಪರದೇಶೀಯರು ಅದರ ಹೊರಗಿದ್ದರು. ನುಡಿದ ಮಾತನ್ನು ಪ್ರಶ್ನಿಸಬಹುದು; ಕೇಳುಗನು ತಾನೇ ಪೂರೈಸಿದ ಮಾತನ್ನು ತನ್ನದೇ ಆಲೋಚನೆಯೆಂದು ಭಾವಿಸುವುದರಿಂದ ಅದು ಪರೀಕ್ಷೆಗೆ ಒಳಗಾಗುವುದು ವಿರಳ. ಎರಡನೆಯ ಭಾಗದಲ್ಲಿ ತೋರಿಕೆಯ ಎಂಥುಮೇಮಗಳ ಪಟ್ಟಿಯಿದ್ದರೂ ಅಲ್ಲಿಯ ಗಮನ ಹೆಚ್ಚಾಗಿ ತರ್ಕದೋಷಗಳ ಮೇಲಿದೆ. ಸಭೆಯು ಹಂಚಿಕೊಂಡ ನಂಬಿಕೆಯೇ ತಪ್ಪಾಗಿರುವ ಸಾಧ್ಯತೆಯ ಮೇಲಲ್ಲ. ಮನುಷ್ಯರು ಸ್ವಭಾವತಃ ಸತ್ಯದ ಕಡೆಗೆ ಸಾಕಷ್ಟು ಒಲಿದವರೆಂಬ ಆತನ ವಿಶ್ವಾಸ ಈ ಅಂತರವನ್ನು ತುಂಬಲಾರದು. ಪ್ಲೇಟೋವಿನ ಆರೋಪಕ್ಕೆ ಉತ್ತರ ದೊರೆತಿಲ್ಲ. ಓಲೈಕೆಯು ಅಲಂಕಾರದಿಂದ ನುಡಿಯದ ವಾಕ್ಯಕ್ಕೆ ಸ್ಥಳಾಂತರಗೊಂಡಿದೆ, ಅಷ್ಟೆ.

ಆದ್ದರಿಂದ ‘ಮನವೊಲಿಕೆಯ ಶಾಸ್ತ್ರ’ವೆಂಬ ಪದವು ಈ ವಿದ್ಯೆಗೆ ಹೆಚ್ಚು ಸಂಗತವೆಂದು ನಾವು ಸೂಚಿಸುತ್ತೇವೆ. ಪ್ರಶ್ನೆ ಹೆಸರಿನದಷ್ಟೇ ಅಲ್ಲ. ‘ಅಲಂಕಾರ’ವೆಂದು ಹೆಸರಿಟ್ಟಾಗ ಸಾರ್ವಜನಿಕ ಭಾಷಣದಲ್ಲಿ ಉಪಮೆ, ಪ್ರಾಸಗಳನ್ನು ಎಣಿಸಿ ತೃಪ್ತರಾಗುತ್ತೇವೆ. ಭಾಷಾವಿಜ್ಞಾನಿಯು ಮೊದಲು ಬರೆದಿಡಬೇಕಾದದ್ದು, ಭಾಷಣಕಾರನು ಹೇಳದೆಯೇ ಸಭೆಯಿಂದ ಒಪ್ಪಿಸಿಕೊಂಡ ವಾಕ್ಯಗಳನ್ನು.