ಗುಂಪು ವಿಚಾರಮಾಡಬಲ್ಲುದೇ? — ಒಂದು ಗ್ರಂಥವಿಮರ್ಶೆ

ಫ್ರೆಂಚ್ ಲೇಖಕ ಗುಸ್ತಾವ್ ಲೆ ಬಾನನು ಜನಸಂದಣಿಯ ಮನಸ್ಸನ್ನು ಕುರಿತು 1895ರಲ್ಲಿ ಪ್ರಕಟಿಸಿದ ಗ್ರಂಥವನ್ನು ತಾವು ಓದಿರದಿದ್ದರೂ ಅದರ ವಾದವನ್ನು ನಿತ್ಯವೂ ಕೇಳುತ್ತಿರುತ್ತೀರಿ. ಗುಂಪಿನಲ್ಲಿ ಬೆರೆತೊಡನೆ ಮನುಷ್ಯನು ಸ್ವಂತ ವಿವೇಕವನ್ನು ಕಳೆದುಕೊಳ್ಳುತ್ತಾನೆ. ಆವೇಶವು ಅಂಟುಜಾಡ್ಯದಂತೆ ಒಬ್ಬನಿಂದೊಬ್ಬನಿಗೆ ಹಬ್ಬುತ್ತದೆ ಎಂಬುದೇ ಆ ವಾದ. ಗುಂಪು ತ್ಯಾಗವನ್ನೂ ಮಾಡಬಲ್ಲುದೆಂದು ಆತ ಒಪ್ಪುತ್ತಾನೆ; ವಿಚಾರಮಾಡಬಲ್ಲುದೆಂದು ಮಾತ್ರ ಒಪ್ಪುವುದಿಲ್ಲ. ನನ್ನ ತಕರಾರು ಇಲ್ಲಿಯೇ.

ಕೋಲಾರ ಜಿಲ್ಲೆಯ ನರಸಾಪುರವನ್ನು ಒರೆಗಲ್ಲಾಗಿ ಇಟ್ಟುಕೊಳ್ಳೋಣ. 2020ರ ಡಿಸೆಂಬರ್ 12ರ ಬೆಳಗ್ಗೆ, ರಾತ್ರಿಪಾಳಿ ಮುಗಿಯುವ ಹೊತ್ತಿಗೆ, ಐಫೋನ್ ತಯಾರಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜುಗಳನ್ನು ಒಡೆದರು, ವಾಹನಗಳನ್ನು ಜಖಂಗೊಳಿಸಿದರು. ನಷ್ಟವು 437 ಕೋಟಿ ರೂಪಾಯಿಯೆಂದು ಮೊದಲು ದೂರಾಯಿತು. ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು ಸುಮಾರು 26ರಿಂದ 52 ಕೋಟಿಗೆ ಇಳಿಸಿತು. (ಅಂಕಿಗಳಿಗೂ ಆವೇಶ ಅಂಟುತ್ತದೆಯೋ ಏನೋ!) ಲೆ ಬಾನನ ಶಿಷ್ಯರು ಇದನ್ನು ಕಂಡು ತಲೆದೂಗಿಯಾರು.

ಆದರೆ ಅದಕ್ಕೆ ಹಿಂದಿನ ತಿಂಗಳುಗಳನ್ನೂ ನೋಡಬೇಕಷ್ಟೆ. ಹತ್ತು ಸಾವಿರದಷ್ಟಿದ್ದ ಕಾರ್ಮಿಕರಲ್ಲಿ ಬಹುಪಾಲು ಗುತ್ತಿಗೆಯವರು. ಎಂಟು ಗಂಟೆಯ ಪಾಳಿ ಹನ್ನೆರಡಕ್ಕೇರಿತ್ತು. ಹೇಳಿದ ಸಂಬಳ ಕೈಸೇರಲಿಲ್ಲವೆಂಬ ದೂರಿತ್ತು. ಸಂಬಳದ ಚೀಟಿಯನ್ನು ಒಬ್ಬನೇ ನೋಡಿದಾಗ ಅದು ತನ್ನ ದುರದೃಷ್ಟವೆನಿಸೀತು, ಲೆಕ್ಕದ ತಪ್ಪೆನಿಸೀತು. ಪಕ್ಕದವನ ಚೀಟಿಯೊಡನೆ ಹೋಲಿಸಿದಾಗಲೇ ಅದು ಅನ್ಯಾಯವೆಂದು ತಿಳಿಯುವುದು. ಪ್ರಸಾದನಿಲಯದಲ್ಲಿ ನಾಲ್ವರೊಡನೆ ಬೆಳೆದ ತಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಗುಂಪು ವಿವೇಕವನ್ನು ಕಸಿಯುವ ಮುನ್ನ ತಿಳಿವನ್ನು ಕೊಟ್ಟಿರುತ್ತದೆ. ಹಳೆಯ ಇಂಗ್ಲೆಂಡಿನ ಧಾನ್ಯದಂಗೆಗಳ ಹಿಂದೆಯೂ ನ್ಯಾಯಬೆಲೆಯ ಕಲ್ಪನೆಯೊಂದಿತ್ತೆಂದು ಇತಿಹಾಸಕಾರ ಇ. ಪಿ. ಥಾಮ್ಸನ್ 1971ರಲ್ಲಿಯೇ ತೋರಿಸಿದ್ದಾರೆ. ಗಾಜೊಡೆದುದನ್ನು ನಾನು ಸಮರ್ಥಿಸುತ್ತಿಲ್ಲ; ಅದು ಹುಚ್ಚೆಂದು ಕರೆದು ಕೈತೊಳೆದುಕೊಳ್ಳುವುದನ್ನು ಒಪ್ಪಲಾರೆನಷ್ಟೆ.

ಇನ್ನೊಂದು ಗುಂಪು ಗೇಟಿನ ಒಳಗಿತ್ತು: ಗುತ್ತಿಗೆ ಸಂಸ್ಥೆಗಳು, ಲೆಕ್ಕದ ವಿಭಾಗ, ಆಡಳಿತ ವರ್ಗ. ಕೆಲವು ಕಾರ್ಮಿಕರಿಗೆ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ತಡವಾದುದನ್ನು ಆ್ಯಪಲ್ ಕಂಪನಿ ಡಿಸೆಂಬರ್ 19ರಂದು ಒಪ್ಪಿಕೊಂಡಿತು. ಇಂಥ ಕಡೆ ಯಾರೂ ಕಲ್ಲೆತ್ತುವುದಿಲ್ಲ. ಕಡತವು ಮೇಜಿನಿಂದ ಮೇಜಿಗೆ ಸರಿಯುತ್ತದೆ, ಹೊಣೆ ಯಾರದೂ ಆಗುವುದಿಲ್ಲ. ನ್ಯಾಯದರ್ಶಿಗಳನ್ನೂ ಸಂಸತ್ತನ್ನೂ ಗುಂಪುಗಳೆಂದೇ ಪರಿಶೀಲಿಸಿದ ಲೆ ಬಾನನು ಕಚೇರಿಯ ಈ ತಣ್ಣನೆಯ ಗುಂಪಿಗೆ ಒಂದು ಅಧ್ಯಾಯವನ್ನೂ ಮೀಸಲಿಡಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಸಾಲೊಮನ್ ಆ್ಯಶ್ ಗೆರೆಗಳ ಉದ್ದವನ್ನು ಅಳೆಯಿಸಿ ಪರೀಕ್ಷಿಸಿದಾಗ, ಕೂಡಿದವರೆಲ್ಲ ತಪ್ಪು ಹೇಳಿದರೆ ಕಣ್ಣಿದ್ದವನೂ ಅನೇಕ ಸಲ ತಪ್ಪನ್ನೇ ಹೇಳಿದನು. ಒಬ್ಬನಾದರೂ ನಿಜ ನುಡಿದರೆ ಆ ಶರಣಾಗತಿ ಬಹಳ ತಗ್ಗಿತು. ಆ ಒಬ್ಬನಿಗೂ ಲೆ ಬಾನನ ಸಿದ್ಧಾಂತದಲ್ಲಿ ತಕ್ಕ ಸ್ಥಾನ ದೊರೆತಿಲ್ಲ.

ನರಸಾಪುರದಲ್ಲಿ ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಕಂಪನಿಯು ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಒಬ್ಬ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಕಾರ್ಖಾನೆ 2021ರಲ್ಲಿ ಮತ್ತೆ ತೆರೆಯಿತು. 2023ರಲ್ಲಿ ಅದನ್ನು ಟಾಟಾ ಸಮೂಹಕ್ಕೆ ಮಾರುವ ಒಪ್ಪಂದವಾಯಿತು.