ಹಲಗೆಯ ಮೇಲಿಲ್ಲದ ಹೆಸರು

ಮಾರಿಷಸ್ ಪ್ಯಾಕೇಜ್ ತಗೊಂಡವರಿಗೆಲ್ಲ ಒಂದು ಬೆಳಗ್ಗೆ ಪಾಂಪ್ಲೆಮೂಸ್ ತೋಟಕ್ಕೆ ಮೀಸಲು. ಬೀಚು, ಬೋಟು, ಮತ್ತೆ ಬೀಚು, ನಡುವೆ ಎರಡು ತಾಸು ಹಸಿರು. ಸರ್ ಶಿವಸಾಗರ್ ರಾಮ್‌ಗೂಲಾಮ್ ಸಸ್ಯೋದ್ಯಾನ ಅನ್ನೋದು 1988ರಿಂದ ಅದರ ಅಧಿಕೃತ ಹೆಸರು. ಇಂಟರ್ನೆಟ್ಟಿನಲ್ಲಿ ಅದರ ಬಗ್ಗೆ ಬರೆಯೋರೆಲ್ಲ ಐದು ಸ್ಟಾರ್ ಕೊಟ್ಟು, ಟೋಪಿ ತಗೊಂಡು ಹೋಗಿ, ಗೈಡ್ ಮಾಡ್ಕೊಳ್ಳಿ ಅಂತ ಮುಗಿಸ್ತಾರೆ. ಆದರೆ ಸಸ್ಯೋದ್ಯಾನ ಅಂದ್ರೆ ಕಾಡಲ್ಲ. ಯಾರೋ ಕೂತು ಯೋಚಿಸಿ, ಬೇಕಾದ್ದನ್ನ ಇಟ್ಟು ಬೇಡದ್ದನ್ನ ಕಿತ್ತು ಮಾಡಿದ್ದು. ಹಾಗಾಗಿ ಪುಸ್ತಕವನ್ನ ವಿಮರ್ಶೆ ಮಾಡೋ ಥರಾನೇ ಅದನ್ನೂ ಮಾಡಬಹುದು: ಏನು ಹೇಳ್ತಿದೆ, ಏನು ನುಂಗಿಕೊಳ್ತಿದೆ?

ಮೊದಲು ಒಳ್ಳೇದು ಹೇಳ್ತೀನಿ. ಎಲ್ಲರೂ ಫೋಟೊ ಹಾಕೋ ಆ ಕೊಳ ನಿಜಕ್ಕೂ ಫೋಟೊಗಿಂತ ಚೆಂದ. ಅಮೆಜಾನಿನ ವಿಕ್ಟೋರಿಯಾ ನೈದಿಲೆಯ ಎಲೆಗಳು ಅಂಚು ಮೇಲೆತ್ತಿಕೊಂಡು ಸಾಲಾಗಿ ತೇಲ್ತಾವೆ. ಹೂವು ಮೊದಲ ಸಂಜೆ ಬಿಳಿ, ಮರುದಿನ ಗುಲಾಬಿ. ನಮ್ಮ ಅವ್ವ ಮಾನ್ವಿಯವಳು. ಒಂದು ನಿಮಿಷ ಸುಮ್ಮನೆ ನೋಡಿ, "ಇಷ್ಟ್ ದೊಡ್ಡ ಪರಾತ ನಮ್ಮ ಮದುವಿ ಮನ್ಯಾಗೂ ಇರಲಿಲ್ಲ ನೋಡು" ಅಂದಳು. ಗೈಡ್ ಎಲೆ ಕಿತ್ತು, ಬೆರಳಲ್ಲಿ ತಿಕ್ಕಿ ಮೂಸೋಕೆ ಕೊಟ್ಟಾಗ, ಹೆಸರು ಹೇಳೋಕೆ ಮುಂಚೆಯೇ ಲವಂಗ, ದಾಲ್ಚಿನ್ನಿ, ಕರ್ಪೂರ ಅಂತ ಒಂದೊಂದಾಗಿ ಹೇಳಿಬಿಟ್ಟಳು. ಮೂಗಿನಿಂದ ಓದಿಸೋ ಪುಸ್ತಕ ಎಷ್ಟಿವೆ ಹೇಳಿ?

ನನಗೆ ಹೆಚ್ಚು ಹಿಡಿಸಿದ್ದು ಶ್ರೀತಾಳೆ ಮರ. ಹಲವು ದಶಕ ಸುಮ್ಮನೆ ಬೆಳೆದು, ಒಂದೇ ಒಂದು ಸಲ ನೆತ್ತಿ ತುಂಬ ಹೂ ಬಿಟ್ಟು ಸಾಯುತ್ತೆ. ಗೈಡ್‌ಗೆ ಇದೇ ತೋಟದ ದೊಡ್ಡ ಕಥೆ. "ನಮ್ಮ ಬಿದಿರಿನಂಗ ಅನ್ನು" ಅಂದಳು ಅವ್ವ. ಈ ಮರದ ಮೂಲ ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಕಾಗದ ಎಲ್ಲರ ಕೈಗೆ ಬರೋಕೆ ಮುಂಚೆ ನಮ್ಮಲ್ಲಿ ಓಲೆಗ್ರಂಥಗಳನ್ನ ಬರೀತಿದ್ದದ್ದು ಇಂಥ ಗರಿಗಳ ಮೇಲೆ. ಬೆಂಗಳೂರಿನ ಮಗುವಿಗೆ ತನ್ನ ಭಾಷೆಯ ಹಳೇ ಕಾಗದ ಎಂಥ ಮರದಿಂದ ಬಂತು ಅಂತ ಗೊತ್ತಾಗಿದ್ದು ಹಿಂದೂ ಮಹಾಸಾಗರದ ನಡುವೆ! ಈ ಕ್ರೆಡಿಟ್ಟು ತೋಟಕ್ಕೇ ಸಲ್ಲಬೇಕು.

ಇನ್ನು ಕೊರತೆ. ಈ ತೋಟದ ನಾಯಕ ಪಿಯರ್ ಪೊವಾವ್ರ್ ಅನ್ನೋ ಫ್ರೆಂಚ್ ಅಧಿಕಾರಿ. ಲವಂಗ, ಜಾಯಿಕಾಯಿ ಅಂದ್ರೆ ಡಚ್ಚರ ಏಕಸ್ವಾಮ್ಯ ಅನ್ನೋ ಕಾಲದಲ್ಲಿ, 1770ರ ಸುಮಾರಿಗೆ, ಮೊಲುಕ್ಕಾ ದ್ವೀಪಗಳಿಂದ ಆ ಸಸಿಗಳನ್ನ ಕದ್ದು ತರಿಸಿ ಇಲ್ಲಿ ನೆಡಿಸಿದ. ನಮ್ಮ ಮಾನ್ವಿಯ ಜಗನ್ನಾಥದಾಸರು (1728–1809) ಬದುಕಿದ್ದ ಕಾಲ ಅದು. ಗೈಡ್ ಹೇಳಿದಾಗ ಅದು ಒಳ್ಳೇ ಸಿನಿಮಾ ಥರ ಇರುತ್ತೆ. ಆದರೆ ಸಸಿ ಬಂದಮೇಲೆ ಗುಂಡಿ ತೋಡಿದವರು, ನೀರು ಹೊತ್ತವರು ಯಾರು? ಆಗ ದ್ವೀಪ ನಡೀತಿದ್ದದ್ದು ಆಫ್ರಿಕಾ, ಮಡಗಾಸ್ಕರ್‌ಗಳಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ. ಅಲ್ಲಿ ಗುಲಾಮಗಿರಿ ರದ್ದಾಗಿದ್ದು 1835ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಭಾರತದಿಂದ ಕರಾರು ಕೂಲಿಗಳ ಹಡಗು ಶುರುವಾಗಿತ್ತು. ಮುಂದೆ ಬಂದವರು ನಾಲ್ಕೂವರೆ ಲಕ್ಷದಷ್ಟು ಜನ. ಅವರು ಹಡಗಿಳಿದ ಆಪ್ರವಾಸಿ ಘಾಟ್ ಈಗ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ತೋಟದಿಂದ ಹತ್ತು ಹನ್ನೊಂದು ಕಿ.ಮೀ. ದೂರದ ಪೋರ್ಟ್ ಲೂಯಿಯಲ್ಲಿದೆ. ನಮ್ಮ ಪ್ಯಾಕೇಜಿನಲ್ಲಿ ಮಾತ್ರ ಇರಲಿಲ್ಲ. ತೋಟದಲ್ಲಿ ನಾನು ಓದಿದ ಹಲಗೆಗಳಲ್ಲಿ ಗಿಡದ ಲ್ಯಾಟಿನ್ ಹೆಸರಿತ್ತು, ಗಿಡದ ಹುಟ್ಟೂರಿತ್ತು. ನೀರು ಹಾಕಿದವರ ಹೆಸರೂ ಇಲ್ಲ, ಊರೂ ಇಲ್ಲ.

ಅಷ್ಟು ದೂರದ ವಿಷಯ ನಮಗ್ಯಾಕೆ ಅಂತೀರಾ? ಒಂದ್ಸಲ ರಾಯಚೂರಿಗೆ ಬನ್ನಿ. ಹಲಗೆ ಇಲ್ಲದ ಸಸ್ಯೋದ್ಯಾನ ಅದು. ಮಾನ್ವಿ, ದೇವದುರ್ಗದ ಕಡೆ ಬೀಳು ಬಿದ್ದ ಹೊಲ, ಕೆರೆಯಂಗಳ ಎಲ್ಲಾ ಆವರಿಸಿರೋ ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. 1870ರ ದಶಕದಲ್ಲಿ ಬ್ರಿಟಿಷರು ಸೌದೆಗೆ ಆಗುತ್ತೆ ಅಂತ ಇನ್ನೊಂದು ದ್ವೀಪದಿಂದ, ಜಮೈಕಾದಿಂದ, ಮದ್ರಾಸ್ ಪ್ರಾಂತ್ಯಕ್ಕೆ ಬೀಜ ತರಿಸಿದ್ರು. ಆಮೇಲೆ ಅದು ಯಾರ ಮಾತೂ ಕೇಳಲಿಲ್ಲ. ಮೇ ತಿಂಗಳ ಬಿಸಿಲಲ್ಲಿ ರಾಯಚೂರಿನ ರಸ್ತೆಗೆ ಕೆಂಪು ಬಳಿಯೋ ಗುಲ್‌ಮೊಹರ್ ಮಡಗಾಸ್ಕರಿನದು. ಹೊಲದ ಮೆಣಸಿನಕಾಯಿ, ಶೇಂಗಾ, ಗುಡ್ಡದ ಸೀತಾಫಲ, ಎಲ್ಲಾ ಸಮುದ್ರ ದಾಟಿ ಬಂದವು. ಇವುಗಳ ನಡುವೆ ಇಲ್ಲಿನದೇ ಅನ್ನೋ ತಂಗಡಿ, ಉತ್ತರಾಣಿ, ಲಕ್ಕಿ, ಕರಿಜಾಲಿ ಯಾವುದು ಅಂತ ತೋರಿಸಿ ಹೇಳೋರು ಅವ್ವನ ವಯಸ್ಸಿನವರು. ಆ ಹೆಸರುಗಳನ್ನ ಯಾರೂ ಬೋರ್ಡ್ ಮೇಲೆ ಬರೆದಿಟ್ಟಿಲ್ಲ.

ಅಂಥ ಹೆಸರು ಗೊತ್ತಿರೋ ಇನ್ನೊಂದಿಷ್ಟು ಜನ ಈಗ ನಮ್ಮ ಪಕ್ಕದಲ್ಲೇ ಇದ್ದಾರೆ. ನಮ್ಮ ಜಿಲ್ಲೆಗೆ ತುಂಗಭದ್ರೆಯ ಕಾಲುವೆಯೂ ಇದೆ, ನಾರಾಯಣಪುರದ ಕಾಲುವೆಯೂ ಇದೆ, ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರಲ್ಲ ಅನ್ನೋ ಗೋಳೂ ಇದೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಬಂದವರು ಕಟ್ಟಡದ ಪಕ್ಕ ತಗಡಿನ ಶೆಡ್ಡಲ್ಲಿ ಇರ್ತಾರೆ. ನಾವು ಇಎಂಐ ಕಟ್ಟೋ ಅಪಾರ್ಟ್‌ಮೆಂಟಿನ ಬ್ರೋಷರ್ ತೆಗೆದು ನೋಡಿ: 'ಟ್ರಾಪಿಕಲ್ ಗಾರ್ಡನ್', 'ಐಲ್ಯಾಂಡ್ ಲಿವಿಂಗ್'. ಸಾಲಾಗಿ ಪಾಮ್ ಮರ, ಕೊಳದಲ್ಲಿ ನೈದಿಲೆ. ಚಿಕ್ಕ ಪಾಂಪ್ಲೆಮೂಸೇ. ಬಿಲ್ಡರ್ ಹೆಸರು, ಆರ್ಕಿಟೆಕ್ಟ್ ಹೆಸರು, ಲ್ಯಾಂಡ್‌ಸ್ಕೇಪ್ ಡಿಸೈನರ್ ಹೆಸರು ಎಲ್ಲಾ ಇರುತ್ತೆ. ಗುಂಡಿ ತೋಡಿದ ದೇವದುರ್ಗದವರ ಹೆಸರು ಇರಲ್ಲ.

ಗುಳೆಯೂ ಕರಾರು ಕೂಲಿಯೂ ಒಂದೇ ಅಂತ ನಾನು ಹೇಳ್ತಿಲ್ಲ. ಇವರಿಗೆ ಬಸ್ಸಿದೆ, ಫೋನಿದೆ, ಮೊಹರಂಗೆ ಊರಿಗೆ ಬರ್ತಾರೆ. ಮಾರಿಷಸ್‌ಗೆ ಹೋದ ಬಹಳ ಜನ ಮತ್ತೆ ಊರು ನೋಡಲಿಲ್ಲ. ಆದರೆ ತೋಟ ಬರೆಯೋ ಕ್ರಮ ಮಾತ್ರ ಅದೇ ಉಳಿದಿದೆ. ನೆಡಿಸಿದವರು ಲೇಖಕರು, ನೆಟ್ಟವರು ಯಾರೂ ಅಲ್ಲ.

ಪಾಂಪ್ಲೆಮೂಸ್ ನೋಡಲೇಬೇಕಾದ ತೋಟ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಹೋದರೆ ಮನೆಯ ಹಿರಿಯರನ್ನ ಕರ್ಕೊಂಡು ಹೋಗಿ, ಆಪ್ರವಾಸಿ ಘಾಟನ್ನೂ ಅದೇ ದಿನಕ್ಕೆ ಸೇರಿಸಿ ಅಂತ ಪ್ಯಾಕೇಜಿನವರಿಗೆ ಹೇಳಿ. ಎರಡೂ ಸೇರಿದ್ರೇನೇ ಆ ಪುಸ್ತಕ ಪೂರ್ತಿ. ಹೋಗೋಕೆ ಆಗದಿದ್ರೂ ಚಿಂತೆಯಿಲ್ಲ. ಈ ಭಾನುವಾರ ಕೆಳಗಿಳಿದು, ಗಿಡಕ್ಕೆ ನೀರು ಬಿಡೋ ಅಣ್ಣನ ಹೆಸರು, ಊರು ಕೇಳಿ. ಕಾಂಪೌಂಡ್ ಮೂಲೆಯಲ್ಲಿ ತಾನಾಗೇ ಹುಟ್ಟಿರೋ ಆ ಗಿಡಕ್ಕೆ ನಿಮ್ಮ ಕಡೆ ಏನಂತಾರೆ ಅಂತಾನೂ ಕೇಳಿ. ಜೊತೆಗೆ ಮಕ್ಕಳಿರಲಿ.