ಜವಾಬು ಕೊಡದ ಆಕಾಶ

ಹರದೇಶಿ-ನಾಗೇಶಿ ಹಾಡಕಿಯೊಳಗ ಎದುರಿನ ಮೇಳ ಸವಾಲಿಗೆ ಜವಾಬು ಕೊಡದೆ ಕುಂತರ, ನಾವು ಗೆದ್ದಿವಿ ಅಂತ ಡಪ್ಪು ಬಡೀತೀವಿ. ಅವರನ್ನ ಯಾರೋ ಕೊಂದು ಹಾಕ್ಯಾರ ಅಂತ ಯಾರೂ ಹೇಳೂದಿಲ್ಲ. ಆಕಾಶದ ವಿಷಯದಾಗ ಶಾಣ್ಯಾ ಮಂದಿ ಹಂಗೂ ಹೇಳ್ಯಾರ. 1950ರಲ್ಲಿ ಎನ್ರಿಕೊ ಫರ್ಮಿ ಅನ್ನುವ ವಿಜ್ಞಾನಿ ಊಟದ ಹೊತ್ತಿನ್ಯಾಗ ಒಂದು ಸವಾಲು ಹಾಕಿದ: ಬೇರೆ ಲೋಕದವರು ಇದ್ದದ್ದೇ ಖರೆ ಆದರ, ಅವರೆಲ್ಲ ಎಲ್ಲಿ? ಅದಕ್ಕ ಬಂದ ಜವಾಬುಗಳೊಳಗ ಒಂದು ಭಾಳ ಅಂಜಿಸುವಂಥದ್ದು. ತಮ್ಮಂಥವನ್ನ ತಾವೇ ಹುಟ್ಟಿಸಿಕೊಳ್ಳುವ ಯಂತ್ರಗಳು ಚುಕ್ಕಿಯಿಂದ ಚುಕ್ಕಿಗೆ ತಿರುಗತಾವ, ಜೀವ ಕಂಡಲ್ಲಿ ಒರೆಸಿ ಹಾಕತಾವ, ಅದಕ್ಕೇ ಆಕಾಶ ಸುಮ್ಮನದ. ಇದಕ್ಕ ಬರ್ಸರ್ಕರ್ ಊಹೆ ಅಂತ ಹೆಸರು.

ಹೆಸರು ಬಂದದ್ದು ಕಥೆಯಿಂದ. ಅಮೆರಿಕದ ಫ್ರೆಡ್ ಸೇಬರ್‌ಹೇಗನ್ 1963ರಿಂದ ಈ ಕಥೆಗಳನ್ನ ಬರೆದ. ವಾಚನಾಲಯದ ಹುಡುಗರು ಓದಿ ಅರ್ಥ ಬಿಡಿಸಿ ಹೇಳಿದರು, ನಾನು ಕೇಳಿದೆ. ಹಾಡಿನ ಮಂದಿಗೆ ಕೇಳಿದ್ದೇ ಓದಿದ್ದು.

ಎಂದೋ ಒಂದು ಕಾಲಕ್ಕ ಎರಡು ಕುಲದವರು ಕಾದಾಡಿದರು. ಒಬ್ಬರು ಕೊಲ್ಲುವ ಯಂತ್ರ ಮಾಡಿ ಬಿಟ್ಟರು. ವೈರಿಗಳೂ ಹೋದರು, ಮಾಡಿದವರೂ ಹೋದರು, ಜಗಳ ಏನಿತ್ತು ಅಂತ ಹೇಳವರೂ ಉಳೀಲಿಲ್ಲ. ಅಪ್ಪಣೆ ಒಂದು ಉಳೀತು. ಕಥೆಯ ಸತ್ವ ಇಲ್ಲೇ ಅದ. ಕಾಂಬೋಡಿಯಾದಾಗ ಯುದ್ಧ ಮುಗಿದು ಎಷ್ಟೋ ವರ್ಷದ ಮ್ಯಾಲೂ ನೆಲದಾಗ ಹುಗಿದ ಬಾಂಬು ರೈತರ ಕಾಲು ತಗೊಂಡಾವ. ಹುಗಿದವನಿಗೂ ನೇಗಿಲು ಹಿಡಿದವನಿಗೂ ಏನು ವೈರ ಇತ್ತು? ಕಾರ್ಲ್ ಸೇಗನ್ ಮತ್ತು ವಿಲಿಯಂ ನ್ಯೂಮನ್ 1983ರಲ್ಲಿ, ಹಿಂಗ ಬೆಳೆಯುವ ಯಂತ್ರವನ್ನ ಬುದ್ಧಿ ಇದ್ದವರು ಮಾಡೂದೇ ಇಲ್ಲ ಅಂತ ವಾದ ಹೂಡಿದರು. ಹೊಲದಾಗ ಬಾಂಬು ಹುಗಿದವರಿಗೂ ಬುದ್ಧಿ ಇತ್ತಲ್ಲ! ಈ ವಾದ ನನಗ ಒಪ್ಪಿಗಿ ಇಲ್ಲ.

ಹೆಸರು ಮಾತ್ರ ಹೊಂದೂದಿಲ್ಲ. ಬರ್ಸರ್ಕರ್ ಅಂದರ ಹಳೇ ಕಾಲದ ನಾರ್ವೆ ಕಡೆಯ, ಮೈದುಂಬಿದಂಗ ಕಾದಾಡುವ ಸೈನಿಕ. ಈ ಯಂತ್ರಕ್ಕ ಸಿಟ್ಟೂ ಇಲ್ಲ, ಆವೇಶವೂ ಇಲ್ಲ. ಸಿಟ್ಟಿದ್ದರ ಎಂದಾದರೂ ಇಳೀತಿತ್ತು.

ಕೇಳವರು ರಕ್ತಬೀಜನನ್ನ ನೆನಸತಾರ. ಹನಿ ರಕ್ತ ಬಿದ್ದರ ಮತ್ತೊಬ್ಬ ರಕ್ತಬೀಜ. ಆದರ ಹನಿ ನೆಲಕ್ಕ ಬೀಳಬೇಕು. ಕಾಳಿ ನಾಲಿಗಿ ಚಾಚಿ ನೆಲ ಮುಟ್ಟದಂಗ ಹಿಡಿದಳು, ಅಲ್ಲಿಗೆ ಮುಗೀತು. ಯಂತ್ರಕ್ಕೂ ಕಬ್ಬಿಣ ಬೇಕು, ಕಲ್ಲು ಬೇಕು. ಮತ್ತೂ ಒಂದು ಬೇಕು ಅಂತ ಜಾನ್ ಫಾನ್ ನಾಯ್ಮನ್ 1940ರ ದಶಕದಾಗ ಲೆಕ್ಕ ಹಾಕಿ ತೋರಿಸಿದ: ತನ್ನನ್ನ ಕಟ್ಟುವ ವಿಧಾನ ಬರೆದ ಒಂದು ಚೀಟಿ. ಆ ಚೀಟಿಯ ನಕಲನ್ನ ಮಗನ ಹೊಟ್ಟ್ಯಾಗ ಇಡಬೇಕು. ಜೋಳದ ಕಾಳು ಮಾಡೂದೂ ಇದನ್ನೇ. ಹತ್ತು ಸಲ ಬಿತ್ತಿದರ ಬೀಜ ಕೆಡತದ, ತಳಿ ಬದಲಾಗತದ. ಕೋಟಿ ಸಲ ನಕಲಾದ ಅಪ್ಪಣೆ ಮಾತ್ರ ಅಕ್ಷರ ತಪ್ಪದಂಗ ಉಳೀತದ ಅಂತ ಹೆಂಗ ನಂಬೂದು?

ಇನ್ನ ಊಹೆಗೆ ಬರೋಣ. ನಮ್ಮ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಬೆಳಕಿನ ವೇಗದ ಹತ್ತರಲ್ಲೊಂದು ಪಾಲು ವೇಗ ಹಿಡಿದರೂ 10 ಲಕ್ಷ ವರ್ಷದಾಗ ದಾಟಬಹುದು. ನಿಂತು ಮರಿ ಹಾಕೂದಕ್ಕ ಇನ್ನಷ್ಟು ಕೂಡಿಸ್ರಿ. ಭೂಮಿಯ ವಯಸ್ಸು 450 ಕೋಟಿ ವರ್ಷ. ಹಸಿರು ಬಿಟ್ಟ ಆಮ್ಲಜನಕ 200 ಕೋಟಿ ವರ್ಷದಿಂದ ನಮ್ಮ ಗಾಳ್ಯಾಗ ಅದ. ದೂರದಿಂದಲೂ ತಿಳಿಯುವ ಜೀವದ ಗುರುತು ಅದು. ಕೊಲೆಗಾರ ಇದ್ದರ ಎಂದೋ ಬಂದು ಮುಗಿಸಿರತಿದ್ದ. ಜೋಳ ಬೆಳದದ, ನೀವು ಓದಾಕ ಹತ್ತೀರಿ.

ಇದಕ್ಕೂ ಜವಾಬು ಅದ: ಅವು ರೇಡಿಯೋ ದನಿಗಾಗಿ ಕಾಯತಾವ ಅಂತ. ನಮ್ಮ ದನಿ ಹೊಂಟು ನೂರು ವರ್ಷದ ಮ್ಯಾಲ ಸ್ವಲ್ಪ ಆಗ್ಯದ, ಅಷ್ಟೇ ದೂರ ಮುಟ್ಟ್ಯದ. ಮಾತಿನ್ಯಾಗ ಯುಕ್ತಿ ಅದ. ಆದರ ಇಲ್ಲೇ ಎಳಿ ಕಡೀತದ. ಸೇಬರ್‌ಹೇಗನ್ನನ ಯಂತ್ರಕ್ಕ ಇರುವ ಅಪ್ಪಣೆ ಜೀವವನ್ನೇ ಅಳಿಸು ಅಂತ. ಹುಲ್ಲು, ಹುಳ, ಎಲ್ಲ. 200 ಕೋಟಿ ವರ್ಷದ ಹಸಿರನ್ನ ಬಿಟ್ಟು ರೇಡಿಯೋ ಕೇಳಿ ಓಡಿ ಬರೂದು ಬ್ಯಾರೆ ಯಂತ್ರ. ಒಂದು ಕಥೆಯ ಅಂಜಿಕಿ, ಇನ್ನೊಂದರ ಲೆಕ್ಕ, ಎರಡನ್ನೂ ಹೊಲದು ಒಂದೇ ಅಂಗಿ ಅಂತ ಮಾರಬಾರದು.

ಮೊದಲ ಕಥೆ ಮಾತ್ರ ಮಕ್ಕಳಿಗೆ ಓದಿ ಹೇಳ್ರಿ. ಯಂತ್ರ ಒಂದು ಕಿರಣ ಬಿಟ್ಟು ಮನುಷ್ಯನ ಬುದ್ಧಿ ಕೆಡಸತದ. ಕೆಟ್ಟದೋ ಇಲ್ಲೋ ಅಂತ ತಿಳಿಯಾಕ ಹಾಸಿನ ಆಟದಾಗ ಪರೀಕ್ಷೆ. ಪೈಲಟ್ ತನ್ನ ಸಾಕು ಪ್ರಾಣಿಗೆ, ಡಬ್ಬಿ ಮತ್ತು ಬಣ್ಣದ ಮಣಿ ಜೋಡಿಸಿ, ವಿಚಾರ ಮಾಡದೆ ಆಡುವ ದಾರಿ ಮಾಡಿ ಕೊಟ್ಟಿರತಾನ. ಎಚ್ಚರ ತಪ್ಪಿದ ಮನುಷ್ಯನ ಬದಲಿಗೆ ಅದು ಆಡತದ, ದೊಡ್ಡ ಯಂತ್ರ ಮೋಸ ಹೋಗತದ. ಆ ಡಬ್ಬಿಗಳನ್ನ ಹುಡುಗರು ಕಡ್ಡಿಪೆಟ್ಟಿಗಿಯಿಂದ ಮಾಡಬಹುದು.